ಸಾಬೂನಿಗೆ ಬಣ್ಣ: ನಿಲ್ಲುವುದು ಯಾವುದು, ಬಿಡುವುದು ಯಾವುದು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಸೋಪ್ ಬೇಸ್ (ಕರಗಿಸಿ ಹೊಯ್ಯಲೆಂದೇ ಮಾರುವ ಸಿದ್ಧ ಸಾಬೂನಿನ ಗಟ್ಟಿ) ತಂದು, ಕರಗಿಸಿ, ಅಚ್ಚಿಗೆ ಹೊಯ್ದು ಮನೆಯಲ್ಲೇ ಸಾಬೂನು ಮಾಡುವ ಓದುಗರು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಕೇಳಿದ ಪ್ರಶ್ನೆಗಳಿವು. ಹೆಚ್ಚಿನವು ಬಣ್ಣದ ಕುರಿತೇ ಇರುವುದರಿಂದ ಈ ಸಲದ ಅಂಕಣವನ್ನು ಬಣ್ಣಕ್ಕೇ ಮೀಸಲಿಟ್ಟಿದ್ದೇವೆ. ಬೇರೆ ಹೇಳದಿದ್ದರೆ ಇಲ್ಲಿನ ಅಳತೆಗಳೆಲ್ಲ 500 ಗ್ರಾಂ ಬೇಸಿನ ಲೆಕ್ಕದಲ್ಲಿವೆ. ಚಮಚದ ಅಳತೆ ನಂಬಬೇಡಿ. ಒಂದೊಂದು ಪುಡಿಯ ತೂಕ ಒಂದೊಂದು ಥರ. 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಮತ್ತು ಒಂದು ಥರ್ಮಾಮೀಟರ್, ಇವೆರಡನ್ನು ಬಣ್ಣಕ್ಕಿಂತ ಮೊದಲು ಕೊಳ್ಳಿ.

ಇಳಕಲ್ಲ ಸೀರೆಯ ಸೆರಗಿನ ಹಾಗೆ ಕೆಂಪು, ಬಿಳಿ, ಕೆಂಪು ಎಂದು ಮೂರು ಪದರದ ಸಾಬೂನು ಮಾಡಿದೆ. ಮೊದಲ ವಾರ ಗೆರೆ ಹೊಡೆದಂತೆ ಚೆಂದ ಇತ್ತು. ಮೂರನೇ ವಾರಕ್ಕೆ ನಡುವಿನ ಬಿಳಿ ಗುಲಾಬಿಯಾಯಿತು. ಬಾಟಲಿಯ ಕೆಂಪು ಬಣ್ಣ 15 ಹನಿ ಹಾಕಿದ್ದೆ. ಹೆಚ್ಚಾಯಿತೇ?
– ಓದುಗರು, ಇಳಕಲ್ಲ

ಐದೇ ಹನಿ ಹಾಕಿದ್ದರೂ ಬಿಳಿ ಪದರ ಗುಲಾಬಿಯಾಗುತ್ತಿತ್ತು, ಸ್ವಲ್ಪ ತಡವಾಗಿ ಅಷ್ಟೇ. ನೀವು ಹಾಕಿದ ಬಣ್ಣದ ಜಾತಿಯೇ ಅಂಥದ್ದು.

ಸಾಬೂನಿಗೆ ಹಾಕುವ ಬಣ್ಣಗಳಲ್ಲಿ ಎರಡು ಜಾತಿ. ನೀರಿನಲ್ಲಿ ಸಕ್ಕರೆಯಂತೆ ಕರಗಿಹೋಗುವುದು ಒಂದು. ಬಾಟಲಿಯಲ್ಲಿ ಸಿಗುವ ದ್ರವ ಬಣ್ಣಗಳು ಬಹುತೇಕ ಈ ಜಾತಿಯವು. ಕರಗದೆ ನುಣ್ಣನೆಯ ಕಣಗಳಾಗಿಯೇ ಉಳಿಯುವುದು ಇನ್ನೊಂದು. ಐರನ್ ಆಕ್ಸೈಡ್, ಅಲ್ಟ್ರಾಮರೀನ್, ಕ್ರೋಮಿಯಂ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಈ ಕಡೆಗೆ ಬರುತ್ತವೆ. ಕರಗಿಸಿ ಹೊಯ್ಯುವ ಬೇಸಿನಲ್ಲಿ ಗ್ಲಿಸರಿನ್ ಮತ್ತು ನೀರಿನ ಅಂಶ ಬಹಳ. ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಅದು ಸದಾ ತೇವ. ಕರಗಿದ ಬಣ್ಣ ಆ ತೇವದ ದಾರಿ ಹಿಡಿದು ಗಾಢ ಪದರದಿಂದ ತಿಳಿ ಪದರಕ್ಕೆ ನಿಧಾನವಾಗಿ ಹರಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ. ಕರಗದ ಕಣಕ್ಕೆ ಹಾಗೆ ಹರಿಯಲು ಬರುವುದಿಲ್ಲ. ಹಾಕಿದಲ್ಲೇ ನಿಲ್ಲುತ್ತದೆ.

ಯಾವ ಬಣ್ಣ ಯಾವ ಜಾತಿ ಎಂದು ಪೊಟ್ಟಣದ ಮೇಲಿನ ಸಿ.ಐ. (ಕಲರ್ ಇಂಡೆಕ್ಸ್) ಸಂಖ್ಯೆಯಿಂದ ಗೊತ್ತಾಗುತ್ತದೆ. 77ರಿಂದ ಶುರುವಾಗುವ ಐದಂಕಿಯ ಸಂಖ್ಯೆ ಇದ್ದರೆ ಅದು ಖನಿಜ ಮೂಲದ್ದು: ಕೆಂಪು ಐರನ್ ಆಕ್ಸೈಡ್ 77491, ಹಳದಿ 77492, ಕಪ್ಪು 77499, ಅಲ್ಟ್ರಾಮರೀನ್ 77007, ಹಸಿರು ಕ್ರೋಮಿಯಂ ಆಕ್ಸೈಡ್ 77288, ಬಿಳಿ ಟೈಟೇನಿಯಂ 77891, ಮೈಕಾ 77019. 16035 ಕೆಂಪು, 42090 ನೀಲಿ, 19140 ಹಳದಿ ಕಂಡರೆ ಕರಗುವ ಬಣ್ಣ ಎಂದು ತಿಳಿಯಿರಿ. ಮೈಕಾ ಕೊಳ್ಳುವಾಗ ಇದನ್ನು ವಿಶೇಷವಾಗಿ ನೋಡಬೇಕು. ಹೊಳೆಯುವ ಅಭ್ರಕದ ಪುಡಿಗೆ ಕರಗುವ ಬಣ್ಣ ಲೇಪಿಸಿ ಮಾರುವುದೂ ಉಂಟು. ನೇರಳೆ, ಕಡುಗುಲಾಬಿ ಮೈಕಾಗಳಲ್ಲಿ ಇದು ಹೆಚ್ಚು.

ಸಂಖ್ಯೆಯೇ ಇಲ್ಲದ ಪುಡಿ ಕೈಯಲ್ಲಿದ್ದರೆ ಒಂದು ಲೋಟ ಬಿಸಿನೀರಿಗೆ ಕಡಲೆ ಗಾತ್ರದ ಬಿಳಿ ಬೇಸ್ ಕರಗಿಸಿ, ಒಂದು ಚಿಟಿಕೆ ಪುಡಿ ಹಾಕಿ ಕಲಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪುಡಿ ತಳಕ್ಕೆ ಕೂತು ಮೇಲಿನ ನೀರಿನ ಬಣ್ಣ ಹೋಗಿದ್ದರೆ ಅದು ಪದರದ ಸಾಬೂನಿನಲ್ಲಿ ನಿಲ್ಲುತ್ತದೆ. ನೀರು ಬಣ್ಣವಾಗಿಯೇ ಉಳಿದಿದ್ದರೆ ಬಿಳಿಯ ಪಕ್ಕ ಅದನ್ನು ಇಡಬೇಡಿ. ಈ ಪರೀಕ್ಷೆ ಬಣ್ಣ ಹರಿಯುವುದನ್ನಷ್ಟೇ ಹೇಳುತ್ತದೆ. ಮೈಗೆ ಹಚ್ಚಲು ಯೋಗ್ಯವೇ ಎಂಬುದನ್ನು ಹೇಳುವುದಿಲ್ಲ.

ಈಗ ನಿಮ್ಮ ಸೆರಗು. 1 ಕೆ.ಜಿ. ಸಾಬೂನಿಗೆ ಪಾರದರ್ಶಕ ಬೇಸ್ 800 ಗ್ರಾಂ, ಬಿಳಿ ಬೇಸ್ 200 ಗ್ರಾಂ ಇರಲಿ. ಕೆಂಪು ಐರನ್ ಆಕ್ಸೈಡ್ 2.4 ಗ್ರಾಂ ತೂಗಿ, 7–8 ಗ್ರಾಂ ಗ್ಲಿಸರಿನ್‌ನಲ್ಲಿ ಗಂಟಿಲ್ಲದಂತೆ ಅರೆದು ಎರಡು ಭಾಗ ಮಾಡಿ. 400 ಗ್ರಾಂ ಪಾರದರ್ಶಕ ಬೇಸನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ ಒಂದು ಭಾಗ ಬಣ್ಣ ಬೆರೆಸಿ. 60 ಡಿಗ್ರಿಗೆ ಇಳಿದಾಗ ಅಚ್ಚಿಗೆ ಹೊಯ್ದು, ಮೇಲಿನ ಗುಳ್ಳೆ ಒಡೆಯಲು ಐಸೋಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ. ಗ್ಯಾಸ್ ಒಲೆ ಆರಿಸಿದ ಮೇಲೆ ಮಾತ್ರ ಸಿಂಪಡಿಸಬೇಕು, ಅದು ಪೆಟ್ರೋಲಿನಂತೆ ಹೊತ್ತಿಕೊಳ್ಳುವ ವಸ್ತು.

ಕಾದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಪದರದ ಮೇಲೆ ಕೆನೆ ಕಟ್ಟಬೇಕು. ಬೆರಳು ಮುಟ್ಟಿದರೆ ಅಂಟಬಾರದು, ಅಚ್ಚು ಅಲುಗಿಸಿದರೆ ಒಳಗೆ ಅಲೆ ಏಳಬಾರದು, ಆದರೆ ಬಿಸಿ ಇನ್ನೂ ಕೈಗೆ ತಿಳಿಯಬೇಕು. ಆಗ ಆಲ್ಕೋಹಾಲ್ ಇನ್ನೊಮ್ಮೆ ಸಿಂಪಡಿಸಿ ಬಿಳಿ ಪದರವನ್ನು 50–52 ಡಿಗ್ರಿಯಲ್ಲಿ, ಚಮಚದ ಬೆನ್ನಿನ ಮೇಲೆ ಬೀಳುವಂತೆ ಮೆಲ್ಲಗೆ ಹೊಯ್ಯಿರಿ. 60ರ ಮೇಲಿದ್ದರೆ ಕೆಳಗಿನ ಕೆನೆ ಕರಗಿ ಕೆಂಪು ಮೇಲೆ ಬರುತ್ತದೆ. ತಡಮಾಡಿ ಕೆಳಗಿನದು ಪೂರ್ತಿ ತಣಿದಿದ್ದರೆ ಕತ್ತರಿಸುವಾಗ ಪದರಗಳು ರೊಟ್ಟಿಯ ಪದರು ಬಿಟ್ಟಂತೆ ಬೇರೆಯಾಗುತ್ತವೆ. ಹಾಗೆ ತಣಿದಿದ್ದರೆ ಫೋರ್ಕಿನಿಂದ ಮೇಲ್ಮೈಯನ್ನು ಗೀರಿ, ಆಲ್ಕೋಹಾಲ್ ಸಿಂಪಡಿಸಿ, ಮುಂದಿನ ಪದರ ಹೊಯ್ಯಬಹುದು. ಮೂರನೆಯ ಪದರಕ್ಕೂ ಇದೇ ಕ್ರಮ.

ಐರನ್ ಆಕ್ಸೈಡಿನ ಕೆಂಪು ಕುಂಕುಮದಷ್ಟು ಉಜ್ವಲವಲ್ಲ, ಇಟ್ಟಿಗೆಯ ಕಡೆಗೆ ವಾಲುತ್ತದೆ. ಹಳೆಯ ಇಳಕಲ್ಲ ಸೀರೆಯ ಗಾಢ ಕೆಂಪಿಗೆ ಅದೇ ಹತ್ತಿರ ಎಂಬುದು ನಮ್ಮ ಅಭಿಪ್ರಾಯ. ಉಜ್ವಲ ಕೆಂಪೇ ಬೇಕೆಂದರೆ ಬಿಳಿಯನ್ನು ಬಿಡಿ. ಕೆಂಪು, ಗುಲಾಬಿ ಜೋಡಿ ಮಾಡಿ. ಬಣ್ಣ ಹರಿದರೂ ಎದ್ದು ಕಾಣುವುದಿಲ್ಲ.

ಮೈಕಾ ಪುಡಿ ಹಾಕಿದರೆ ಅರ್ಧ ತಳಕ್ಕೆ ಇಳಿಯುತ್ತದೆ, ಅರ್ಧ ಚುಕ್ಕೆ ಚುಕ್ಕೆಯಾಗಿ ಮೇಲೆ ನಿಲ್ಲುತ್ತದೆ. ಎಷ್ಟು ಕಲಕಿದರೂ ಅಷ್ಟೇ.
– ಓದುಗರು, ಗೋಕಾಕ

ಚುಕ್ಕೆ ಮತ್ತು ತಳ ಕಟ್ಟುವುದು ಎರಡು ಬೇರೆ ತೊಂದರೆಗಳು.

ಚುಕ್ಕೆಗೆ ಕಾರಣ ಒಣಪುಡಿಯನ್ನು ನೇರವಾಗಿ ಬಿಸಿ ಬೇಸಿಗೆ ಸುರಿಯುವುದು. ಝುಣಕ ಮಾಡುವಾಗ ಕಡಲೆಹಿಟ್ಟನ್ನು ಕುದಿಯುವ ನೀರಿಗೆ ಸುರಿದರೆ ಹೊರಗೆ ಬೆಂದು ಒಳಗೆ ಹಸಿಹಿಟ್ಟು ಉಳಿದ ಗಂಟಾಗುತ್ತದಲ್ಲ, ಇಲ್ಲೂ ಹಾಗೆಯೇ. ಅದಕ್ಕೇ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡುತ್ತೇವೆ. ಮೈಕಾ 1ರಿಂದ 3 ಗ್ರಾಂ ತೆಗೆದುಕೊಂಡು, ಅದರ ಎರಡು–ಮೂರು ಪಟ್ಟು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೆಳುವಾಗಿ ಕದಡಿ, ಆಮೇಲೆ ಬೇಸಿಗೆ ಸೇರಿಸಿ. ಆಲ್ಕೋಹಾಲ್ ಬಿಸಿಗೆ ಹಾರಿಹೋಗುತ್ತದೆ. ಆಕ್ಸೈಡ್, ಅಲ್ಟ್ರಾಮರೀನ್, ಟೈಟೇನಿಯಂನಂಥ ಗಡುಸು ಪುಡಿಗಳಿಗೆ ಗ್ಲಿಸರಿನ್ ಒಳ್ಳೆಯದು. ಚಮಚದ ಬೆನ್ನಿನಿಂದ ಒತ್ತಿ ಒತ್ತಿ ಅರೆಯಲು ಅದರ ಜಿಗುಟು ಬೇಕು. ಟೈಟೇನಿಯಂ ಡೈಆಕ್ಸೈಡಿನಲ್ಲಿ ಎಣ್ಣೆಯಲ್ಲಿ ಬೆರೆಯುವುದು, ನೀರಿನಲ್ಲಿ ಬೆರೆಯುವುದು ಎಂದು ಎರಡು ಬಗೆ. ಈ ಸೋಪ್ ಬೇಸ್‌ಗೆ ನೀರಿನಲ್ಲಿ ಬೆರೆಯುವುದನ್ನೇ ಕೇಳಿ ತನ್ನಿ. ಬಣ್ಣ ಕದಡಲು ಎಣ್ಣೆ ಬಳಸಿದರೆ ನೊರೆ ಕುಗ್ಗಿ ಪಾರದರ್ಶಕ ಬೇಸ್ ಮಬ್ಬಾಗುತ್ತದೆ. ನೀರು ಬಳಸಿದರೆ ಒಣಗಿದಂತೆ ಸಾಬೂನು ಕುಗ್ಗಿ ಸುಕ್ಕುಗಟ್ಟುತ್ತದೆ. ಇಷ್ಟಾದರೂ ಗಂಟು ಉಳಿದರೆ ಅಚ್ಚಿಗೆ ಹೊಯ್ಯುವಾಗ ಚಹಾ ಸೋಸುವ ಜರಡಿ ಹಿಡಿಯಿರಿ. ಆ ಜರಡಿ ಮತ್ತೆ ಚಹಾಕ್ಕೆ ಬೇಡ.

ತಳ ಕಟ್ಟುವುದು ಬಿಸಿಯ ತಪ್ಪು. 65–70 ಡಿಗ್ರಿಯಲ್ಲಿ ಬೇಸ್ ನೀರಿನಂತೆ ತೆಳುವಾಗಿರುತ್ತದೆ. ಮೈಕಾ ಖನಿಜ, ಅದರಲ್ಲಿ ತೇಲಿ ನಿಲ್ಲಲಾರದು. ಒಲೆ ಆರಿಸಿ, ಬೇಸನ್ನು ಇಳಿಸಿ ಬಣ್ಣ ಬೆರೆಸಿದ ಮೇಲೆ, ಗುಳ್ಳೆ ಏಳದಂತೆ ಮೆಲ್ಲಗೆ ಕೈಯಾಡಿಸುತ್ತ 50–52 ಡಿಗ್ರಿಗೆ ಬರುವವರೆಗೆ ಕಾಯಿರಿ. ಪಾತ್ರೆಯ ಅಂಚಿನಲ್ಲಿ ತೆಳುಗೆನೆ ಕಟ್ಟತೊಡಗಿ, ಬೇಸು ಗಂಜಿಯಷ್ಟು ದಪ್ಪವಾದ ಕ್ಷಣ ಹೊಯ್ದರೆ ಕಣಗಳು ಇದ್ದಲ್ಲೇ ಸಿಕ್ಕಿಕೊಳ್ಳುತ್ತವೆ. ಒಂದೆರಡು ನಿಮಿಷ ತಡವಾದರೂ ಮುದ್ದೆಯಾಗುತ್ತದೆ, ಹಾಗಾಗಿ ಅಚ್ಚುಗಳನ್ನು ಮೊದಲೇ ಸಾಲಾಗಿ ಇಟ್ಟುಕೊಳ್ಳಿ. ಮುದ್ದೆಯಾದರೆ ಒಮ್ಮೆ ಮತ್ತೆ ಕರಗಿಸಬಹುದು. ಮೂರ್ನಾಲ್ಕು ಸಲ ಕರಗಿಸಿದರೆ ನೀರಿನ ಅಂಶ ಆರಿ ಬೇಸ್ ಹಳದಿಗೆ ತಿರುಗುತ್ತದೆ, ರಬ್ಬರಿನಂತಾಗುತ್ತದೆ, ಮೇಲೆ ಹಾಕುವ ನೀಲಿಯೂ ಹಸಿರಾಗಿ ಕಾಣುತ್ತದೆ. ಕರಗಿಸುವಾಗ ಪಾತ್ರೆಯ ಮೇಲೆ ತಟ್ಟೆ ಮುಚ್ಚಿ. 75 ಡಿಗ್ರಿ ದಾಟಿಸಬೇಡಿ.

ಅಂಗಡಿ ಬಣ್ಣ ಬೇಡ ಎಂದು ಅರಿಶಿಣ, ಬೀಟ್‌ರೂಟ್ ರಸ, ದಾಸವಾಳದ ಪುಡಿ ಹಾಕಿ ನೋಡಿದೆ. ಅರಿಶಿಣದ ಸಾಬೂನು ಕೆಂಪಗೆ ತಿರುಗಿತು, ಬೀಟ್‌ರೂಟಿನದು ನಾಲ್ಕು ದಿನಕ್ಕೆ ಮಣ್ಣಿನ ಬಣ್ಣವಾಯಿತು, ದಾಸವಾಳದ್ದು ಬೂದಿಯಂತಾಯಿತು. ಅಡುಗೆಮನೆಯ ಬಣ್ಣ ಯಾವುದೂ ನಿಲ್ಲುವುದಿಲ್ಲವೇ?
– ಓದುಗರು, ಸವದತ್ತಿ

ಕೆಲವು ನಿಲ್ಲುತ್ತವೆ. ನೀವು ಆರಿಸಿದ ಮೂರರಲ್ಲಿ ಎರಡು ಸಾಬೂನಿಗೆ ಹೊಂದುವುದೇ ಇಲ್ಲ.

ಸಾಬೂನು ಕ್ಷಾರ. ಅದರ ಪಿಎಚ್ ಸಾಮಾನ್ಯವಾಗಿ 9ರಿಂದ 10. ಆರತಿ ತಟ್ಟೆಯಲ್ಲಿ ಅರಿಶಿಣದ ನೀರಿಗೆ ಸುಣ್ಣ ಹಾಕಿದ ಕೂಡಲೇ ಓಕುಳಿ ಕೆಂಪಾಗುವುದನ್ನು ಎಲ್ಲರೂ ಕಂಡಿದ್ದೇವೆ. ಬಟ್ಟೆಯ ಅರಿಶಿಣದ ಕಲೆ ಸಾಬೂನು ತಾಗಿದರೆ ಕೆಂಪಾಗುವುದೂ ಅದೇ ಕಾರಣಕ್ಕೆ. ಅರಿಶಿಣದ ಕರ್ಕ್ಯುಮಿನ್ ಕ್ಷಾರದಲ್ಲಿ ಹಳದಿ ಬಿಟ್ಟು ಕೆಂಪಿಗೆ ಹೊರಳುತ್ತದೆ. ಆದ್ದರಿಂದ ಅರಿಶಿಣದಿಂದ ನಿಂಬೆ ಹಳದಿ ಬಯಸಬೇಡಿ. ಕಿತ್ತಳೆ ಛಾಯೆ ಒಪ್ಪಿಗೆಯಾದರೆ 0.5 ಗ್ರಾಂ ಹಾಕಿ, ಬಿಸಿಲು ತಾಗದಂತೆ ಇಡಿ. ಬೆಳಕಿಗೆ ಅದು ಬೇಗ ಮಾಸುತ್ತದೆ. ಪುಡಿಯನ್ನು ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ, ಇಲ್ಲದಿದ್ದರೆ ಕಣಗಳು ಎದ್ದು ಕಾಣುತ್ತವೆ.

ಬೀಟ್‌ರೂಟಿನ ಕೆಂಪು ಬಿಸಿಗೂ ಕ್ಷಾರಕ್ಕೂ ತಾಳುವುದಿಲ್ಲ, ಒಡೆದು ಕಂದಾಗುತ್ತದೆ. ದಾಸವಾಳ, ಶಂಖಪುಷ್ಪ, ನೇರಳೆ ಹಣ್ಣಿನ ಬಣ್ಣಗಳು ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ–ಹಸಿರು, ಕೊನೆಗೆ ಬೂದು. ಎಷ್ಟೇ ಹಾಕಿದರೂ ಇದು ತಪ್ಪದು. ಇದಕ್ಕಿಂತ ದೊಡ್ಡ ಮಾತು: ಹಸಿ ರಸ, ರುಬ್ಬಿದ ಸೊಪ್ಪು, ಹಣ್ಣಿನ ತಿರುಳು ಯಾವುದನ್ನೂ ಈ ಬೇಸಿಗೆ ಹಾಕಲೇಬಾರದು. ಬೇಸಿನಲ್ಲಿರುವ ಸಂರಕ್ಷಕ ಅದಕ್ಕಷ್ಟೇ ಸಾಲುವಷ್ಟಿರುತ್ತದೆ. ಹಸಿ ಪದಾರ್ಥ ಸೇರಿದರೆ ಒಳಗೆ ಬೂಸ್ಟು ಬೆಳೆಯುತ್ತದೆ, ವಾಸನೆ ಬರುತ್ತದೆ.

ನಿಲ್ಲುವವು ಇವು. ಸಕ್ರಿಯ ಇದ್ದಿಲಿನ ಪುಡಿ 1–2 ಗ್ರಾಂ, ಬೂದಿಯಿಂದ ಕಪ್ಪಿನವರೆಗೆ. ಒಲೆಯ ಮಸಿ ಮಾತ್ರ ಬೇಡ. ಮುಲ್ತಾನಿ ಮಿಟ್ಟಿ 5 ಗ್ರಾಂ, ತಿಳಿ ಮಣ್ಣಿನ ಬಣ್ಣ. ಸೌಂದರ್ಯವರ್ಧಕಕ್ಕೆಂದೇ ಮಾರುವ ಕೆಂಪು ಜೇಡಿಮಣ್ಣು 3–5 ಗ್ರಾಂ, ತಿಳಿ ಇಟ್ಟಿಗೆ ಬಣ್ಣ. ಕೋಕೋ ಪುಡಿ 3 ಗ್ರಾಂ, ಕಂದು. ಜಾಫ್ರಾ (ಅನ್ನಾಟೊ) ಬೀಜ 10 ಗ್ರಾಂ ಅನ್ನು 50 ಗ್ರಾಂ ಕೊಬ್ಬರಿ ಎಣ್ಣೆಯಲ್ಲಿ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿ ಒಂದು ಗಂಟೆ ಇಟ್ಟು ಸೋಸಿದರೆ ಕಿತ್ತಳೆ ಎಣ್ಣೆ ಸಿಗುತ್ತದೆ. ಅದನ್ನು 5 ಗ್ರಾಂ ಮೀರದಂತೆ ಹಾಕಿದರೆ ಒಳ್ಳೆಯ ಹಳದಿ. ಎಣ್ಣೆಯನ್ನು ದೂರವಿಡಬೇಕೆಂಬ ಮಾತಿಗೆ ಇದು ವಿನಾಯಿತಿ. ಇದೂ ಬಿಸಿಲಿಗೆ ಸ್ವಲ್ಪ ಮಾಸುತ್ತದೆ, ಆದರೆ ಕೆಂಪಾಗುವುದಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ರತನ್‌ಜೋತ್ ಬೇರು ಎಣ್ಣೆಯಲ್ಲಿ ಕೆಂಪು, ಸಾಬೂನಿನಲ್ಲಿ ನೇರಳೆ. ಮೊದಲ ಸಲ ನೋಡಿದವರು ತಪ್ಪಾಯಿತೆಂದು ಚೆಲ್ಲಿಬಿಡುತ್ತಾರೆ. ತಪ್ಪಲ್ಲ, ಅದರ ಗುಣವೇ ಹಾಗೆ.

ಸಸ್ಯದಿಂದ ಹಸಿರು ಮಾತ್ರ ಕಷ್ಟ. ಬೇವಿನ ಎಲೆ ಪುಡಿ, ನುಗ್ಗೆ ಪುಡಿ ಎಲ್ಲವೂ ತಿಂಗಳೊಳಗೆ ಒಣ ಹುಲ್ಲಿನ ಬಣ್ಣಕ್ಕೆ ಬರುತ್ತವೆ. ಹಸಿರು ಹಸಿರಾಗಿಯೇ ಇರಬೇಕೆಂದರೆ ಕ್ರೋಮಿಯಂ ಆಕ್ಸೈಡ್ 0.5–1 ಗ್ರಾಂ.

ನಾವು ನೇಕಾರರು. ಮನ್ಯಾಗ ನೂಲಿಗಿ ಹಾಕೂ ಬಣ್ಣ ಭಾಳ ಐತಿ. ಛಲೋ ಗಟ್ಟಿ ಬಣ್ಣ, ಒಗದ್ರೂ ಹೋಗಂಗಿಲ್ಲ. ಸಬಕಾರಕ್ಕ ಅದನ್ನ ಒಂದೀಟ ಹಾಕಿದ್ರ ನಡಿತೈತೇನ್ರಿ?
– ಓದುಗರು, ಬನಹಟ್ಟಿ

ದಯವಿಟ್ಟು ಹಾಕಬೇಡಿ. ಒಗೆದರೂ ಹೋಗದಂತೆ ನೂಲನ್ನು ಕಚ್ಚಿ ಹಿಡಿಯಲೆಂದೇ ಅದನ್ನು ಮಾಡಿರುತ್ತಾರೆ. ಸಾಬೂನಿನಲ್ಲಿ ಕಚ್ಚಲು ನೂಲಿಲ್ಲ, ಇರುವುದು ನಿಮ್ಮ ಚರ್ಮ. ತುರಿಕೆ, ಅಲರ್ಜಿ ತರುವ ಗುಣ ಹಲವು ನೂಲಿನ ಬಣ್ಣಗಳಿಗಿದೆ. ಅಜೋ ಎಂಬ ಗುಂಪಿನ ಬಣ್ಣಗಳಲ್ಲಿ ಕೆಲವು ಒಡೆದು ಕ್ಯಾನ್ಸರ್‌ಕಾರಕ ಅಮೀನ್‌ಗಳಾಗುತ್ತವೆಂದು ಅವನ್ನು ಭಾರತದಲ್ಲಿ ನಿಷೇಧಿಸಲಾಗಿದೆ. ಪೊಟ್ಟಣದ ಮೇಲೆ ಬರೆದಿರುವುದು ನೂಲಿಗೆ ಬೇಕಾದ ಮಾಹಿತಿ. ಸೀಸ, ಆರ್ಸೆನಿಕ್ ಎಷ್ಟಿದೆ ಎಂಬ ಲೆಕ್ಕ ಅದರಲ್ಲಿರುವುದಿಲ್ಲ.

ಬಾಗಲಕೋಟೆಯ ಓದುಗರೊಬ್ಬರು ಹೋಳಿಯಲ್ಲಿ ಉಳಿದ ಬಣ್ಣದ ಪುಡಿ ಬಳಸಬಹುದೇ ಎಂದು ಕೇಳಿದ್ದಾರೆ. ಅವರಿಗೂ ಇದೇ ಉತ್ತರ. ರಂಗೋಲಿ ಬಣ್ಣ, ಮೇಣದಬತ್ತಿಯ ಬಣ್ಣ, ಮಕ್ಕಳ ಕ್ರೇಯಾನ್, ನೆಲಕ್ಕೆ ಹಾಕುವ ಕೆಂಪು ಆಕ್ಸೈಡ್ ಇವೂ ಬೇಡ. ನೆಲದ ಆಕ್ಸೈಡಿಗೂ ಸಾಬೂನಿನ ಆಕ್ಸೈಡಿಗೂ ಮೂಲವಸ್ತು ಒಂದೇ ಇರಬಹುದು, ಶುದ್ಧತೆ ಬೇರೆ. ಸೌಂದರ್ಯವರ್ಧಕ ದರ್ಜೆಯ ಪುಡಿಯಲ್ಲಿ ಭಾರಲೋಹಗಳನ್ನು ಅಳೆದು ಮಿತಿಯೊಳಗೆ ಇಟ್ಟಿರುತ್ತಾರೆ. ತಿನಿಸಿನ ಬಣ್ಣ ಮೈಗೆ ಅಪಾಯವಲ್ಲ, ಆದರೆ ಕರಗುವ ಜಾತಿ. ಹರಿಯುತ್ತದೆ, ಬಿಸಿಲಿಗೆ ಹೋಗುತ್ತದೆ.

ನಮ್ಮ ಇಂಡಿ ನಿಂಬೆಯ ಹೆಸರಿನಲ್ಲಿ ಹಸಿರು ಸಾಬೂನು ಮಾಡೋಣವೆಂದು ಅಲ್ಟ್ರಾಮರೀನ್ ನೀಲಿ ಮತ್ತು ಹಳದಿ ಆಕ್ಸೈಡ್ ಕೂಡಿಸಿದೆ. ಹಸಿರು ಚೆನ್ನಾಗಿ ಬಂತು. ಎರಡು ಚಮಚ ನಿಂಬೆರಸ ಹಾಕಿದೊಡನೆ ಕೊಳೆತ ಮೊಟ್ಟೆಯ ವಾಸನೆ ಎದ್ದು, ನೀಲಿ ಮಾಸಿತು. ಬಣ್ಣ ಕೆಟ್ಟಿತ್ತೇ?
– ಓದುಗರು, ಇಂಡಿ

ಬಣ್ಣ ಒಳ್ಳೆಯದೇ. ಅಲ್ಟ್ರಾಮರೀನ್‌ನ ನೀಲಿ ಬರುವುದು ಅದರೊಳಗೆ ಸೆರೆಯಾಗಿರುವ ಗಂಧಕದಿಂದ. ಕ್ಷಾರಕ್ಕೆ ಅದು ಜಗ್ಗುವುದಿಲ್ಲ, ಸಾಬೂನಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಹುಳಿ ಕಂಡರೆ ಒಡೆಯುತ್ತದೆ. ಗಂಧಕ ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಹೊರಬೀಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದು. ಅಷ್ಟು ಸಣ್ಣ ಪ್ರಮಾಣದಲ್ಲಿ ಕಿಟಕಿ ತೆರೆದರೆ ಸಾಕು, ಆದರೆ ಆ ಮಿಶ್ರಣವನ್ನು ಚೆಲ್ಲಿ. ನಿಂಬೆರಸದ ಜೊತೆಗೆ ಸಿಟ್ರಿಕ್ ಆಮ್ಲ, ವಿಟಮಿನ್ ಸಿ ಪುಡಿ, ಹುಳಿ ಮೊಸರು ಎಲ್ಲಕ್ಕೂ ಇದೇ ಮಾತು. ಹುಳಿ ಹೆಚ್ಚಾದರೆ ಸಾಬೂನೇ ಒಡೆದು ಬೇಸ್ ಮೊಸರಾದಂತೆ ಆಗುತ್ತದೆ.

ನಿಂಬೆ ಸಾಬೂನಿಗೆ ರಸ ಬೇಕಿಲ್ಲ. ಒಣಗಿಸಿ ನುಣ್ಣಗೆ ಪುಡಿ ಮಾಡಿದ ಸಿಪ್ಪೆ 2 ಗ್ರಾಂ ಹಾಕಿದರೆ ಚುಕ್ಕೆಗಳು ಚೆಂದ ಕಾಣುತ್ತವೆ. ವಾಸನೆಗೆ ಸಾಬೂನಿನ ದರ್ಜೆಯ ನಿಂಬೆ ಸುಗಂಧ 5–10 ಗ್ರಾಂ. ಬಣ್ಣಕ್ಕೆ ಹಳದಿ ಆಕ್ಸೈಡ್ 0.6 ಗ್ರಾಂ, ಕ್ರೋಮಿಯಂ ಹಸಿರು 0.2 ಗ್ರಾಂ. ಇಂಡಿಯ ನಿಂಬೆ ಮಾಗುವಾಗ ಇರುವ ಹಳದಿಗೂ ಹಸಿರಿಗೂ ನಡುವಿನ ಬಣ್ಣ ಬರುತ್ತದೆ.

ಇದೇ ನೆಪದಲ್ಲಿ ಇನ್ನೊಂದು: ಬಟ್ಟೆಗೆ ಹಾಕುವ ನೀಲಿಪುಡಿ ಅಲ್ಟ್ರಾಮರೀನೇ ಅಲ್ಲವೇ ಎಂದು ಜಮಖಂಡಿಯಿಂದ ಕೇಳಿದ್ದಾರೆ. ಹಳೆಯ ಕಾಲದ ನೀಲಿಪುಡಿ ಅಲ್ಟ್ರಾಮರೀನ್ ಹೌದು, ಆದರೆ ಬಟ್ಟೆಯ ದರ್ಜೆಯದು. ಈಗಿನ ದ್ರವ ನೀಲಿ ಕರಗುವ ಬಣ್ಣ. ಎರಡೂ ಮೈಸಾಬೂನಿಗೆ ಸಲ್ಲವು.

ಬಿಳಿ ಬೇಸಿನಲ್ಲಿ ಗಂಧದ ಸುಗಂಧ ಹಾಕಿ ಮಾಡಿದ ಸಾಬೂನುಗಳು ಹದಿನೈದು ದಿನಕ್ಕೆ ಚಹಾ ಚೆಲ್ಲಿದಂತೆ ಕಂದಾದವು. ಬಣ್ಣವನ್ನೇ ಹಾಕಿರಲಿಲ್ಲ.
– ಓದುಗರು, ವಿಜಯಪುರ

ಬಣ್ಣ ಹಾಕದಿದ್ದರೂ ಬಣ್ಣ ತರುವ ವಸ್ತು ಸುಗಂಧದೊಳಗೆ ಇತ್ತು. ಅದು ವ್ಯಾನಿಲಿನ್. ವೆನಿಲಾ ಹೆಸರಿನ ಸುಗಂಧದಲ್ಲಿ ಮಾತ್ರವಲ್ಲ, ಗಂಧ, ಬಾದಾಮಿ, ಚಾಕೊಲೇಟ್, ಎಷ್ಟೋ ಹೂವಿನ ಸುಗಂಧಗಳಲ್ಲಿ ಸಿಹಿ ತರಲು ಅದನ್ನು ಸೇರಿಸಿರುತ್ತಾರೆ. ಗಾಳಿ, ಬೆಳಕು, ಕ್ಷಾರ ತಾಗಿದಂತೆ ಅದು ಕಂದಾಗುತ್ತದೆ. ವಿಜಯಪುರದ ಬೇಸಿಗೆಯ ಧಗೆಯಲ್ಲಿ ಈ ಕೆಲಸ ಇನ್ನೂ ಬೇಗ. ಲವಂಗದ ಎಣ್ಣೆಯಲ್ಲಿರುವ ಯೂಜೆನಾಲ್, ಮಲ್ಲಿಗೆ ಸುಗಂಧದಲ್ಲಿರುವ ಇಂಡೋಲ್ ಕೂಡ ಬಿಳಿಯನ್ನು ಕೆಡಿಸುತ್ತವೆ.

ಕೊಳ್ಳುವಾಗ ವ್ಯಾನಿಲಿನ್ ಶೇಕಡ ಎಷ್ಟು ಎಂದು ಕೇಳಿ. ಸೊನ್ನೆಯಿದ್ದರೆ ಬಿಳಿ ಉಳಿಯುವ ಭರವಸೆಯಿದೆ. ಶೇ 1ರಷ್ಟಿದ್ದರೆ ಕೆನೆಬಣ್ಣ ಬರಬಹುದು, 5 ದಾಟಿದರೆ ಕಡುಗಂದು. ಟೈಟೇನಿಯಂ ಹೆಚ್ಚು ಹಾಕಿದರೆ ನಿಲ್ಲುತ್ತದೆಂದು ಹಲವರು ನಂಬಿದ್ದಾರೆ. ನಿಲ್ಲುವುದಿಲ್ಲ, ಕಂದು ಸ್ವಲ್ಪ ತಿಳಿಯಾಗಿ ಕಾಣುತ್ತದೆ ಅಷ್ಟೇ. ವೆನಿಲಾ ಸ್ಟೆಬಿಲೈಸರ್ ಎಂಬ ದ್ರವ ಸಿಗುತ್ತದೆ. ತಯಾರಕರು ಹೇಳಿದ ಪ್ರಮಾಣದಲ್ಲಿ ಸುಗಂಧದೊಡನೆ ಬೆರೆಸಿದರೆ ಕಂದಾಗುವುದು ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ, ಪೂರ್ತಿ ತಪ್ಪುವುದಿಲ್ಲ. ಕಂದು ಪದರಕ್ಕೆ ಮಾತ್ರ ಸುಗಂಧ ಹಾಕಿ ಬಿಳಿ ಪದರವನ್ನು ಹಾಗೇ ಬಿಡುವ ಉಪಾಯವೂ ಹೆಚ್ಚು ದಿನ ನಡೆಯದು. ಕರಗುವ ಬಣ್ಣದಂತೆ ವ್ಯಾನಿಲಿನ್ ಕೂಡ ಪಕ್ಕದ ಪದರಕ್ಕೆ ಹರಿಯುತ್ತದೆ. ಗಂಧದ ಸಾಬೂನಿಗೆ ಗಂಧದ ಬಣ್ಣವನ್ನೇ ಕೊಡುವುದು ನಮ್ಮ ಸಲಹೆ. ಹಳದಿ ಆಕ್ಸೈಡ್ 0.6 ಗ್ರಾಂ, ಕೆಂಪು 0.1 ಗ್ರಾಂ ಹಾಕಿ. ಆಮೇಲೆ ಬರುವ ಕಂದು ಅದರಲ್ಲೇ ಬೆರೆತುಹೋಗುತ್ತದೆ.

ಹೊಸ ಸುಗಂಧ ತಂದಾಗಲೆಲ್ಲ 50 ಗ್ರಾಂ ಬೇಸಿನಲ್ಲಿ ಒಂದು ಬಿಲ್ಲೆ ಮಾಡಿ, ಎರಡು ವಾರ ಕಿಟಕಿಯ ಬಳಿ ಇಟ್ಟು ನೋಡಿ.

ಮಳೆಗಾಲದಲ್ಲಿ ಸಾಬೂನಿನ ಮೇಲೆ ಬಣ್ಣದ ಹನಿಗಳು ನಿಲ್ಲುತ್ತವೆ. ಬಣ್ಣ ಕರಗಿ ಸೋರುತ್ತಿದೆಯೇ?
– ಓದುಗರು, ಖಾನಾಪುರ

ಹನಿ ಬರುವುದು ಗಾಳಿಯಿಂದ. ಬೇಸಿನ ಗ್ಲಿಸರಿನ್ ತೇವವನ್ನು ಉಪ್ಪಿನಂತೆ ಎಳೆದುಕೊಳ್ಳುತ್ತದೆ. ಖಾನಾಪುರ ಮಲೆನಾಡಿನ ಸೆರಗು. ಅಲ್ಲಿ ಜೂನ್‌ನಿಂದ ಗಾಳಿಯೇ ಒದ್ದೆ. ಇದೇ ಸಾಬೂನನ್ನು ವಿಜಯಪುರಕ್ಕೆ ಒಯ್ದರೆ ಹನಿ ಕಾಣದೆಯೂ ಹೋಗಬಹುದು. ಹನಿಗೆ ಬಣ್ಣ ಬಂದಿರುವುದು ಮಾತ್ರ ನೀವು ಕರಗುವ ಬಣ್ಣ ಹಾಕಿದ್ದೀರೆಂಬುದಕ್ಕೆ ಸಾಕ್ಷಿ. ಆಕ್ಸೈಡ್ ಹಾಕಿದ್ದರೆ ಹನಿ ನೀರಿನಂತೆ ತಿಳಿಯಾಗಿರುತ್ತಿತ್ತು.

ಅಚ್ಚಿನಿಂದ ತೆಗೆದ ದಿನವೇ ಕ್ಲಿಂಗ್ ಫಿಲ್ಮ್ ಬಿಗಿಯಾಗಿ ಸುತ್ತಿ. ಬೇಗ ಗಟ್ಟಿಯಾಗಲೆಂದು ಫ್ರಿಜ್ಜಿನಲ್ಲಿಡಬೇಡಿ. ತಣ್ಣಗಿನ ಸಾಬೂನು ಹೊರಬಂದ ಕೂಡಲೇ ತಂಬಿಗೆಯ ಹೊರಮೈಯಂತೆ ಬೆವರುತ್ತದೆ. ಜೇನು, ಬೆಲ್ಲ, ಹೆಚ್ಚುವರಿ ಗ್ಲಿಸರಿನ್ ಎಲ್ಲವೂ ಬೆವರು ಹೆಚ್ಚಿಸುತ್ತವೆ. ಬಣ್ಣ ಕದಡಲು ಬಳಸುವ ಗ್ಲಿಸರಿನ್ ಕೂಡ 5 ಗ್ರಾಂ ದಾಟದಿರಲಿ. ಈಗಾಗಲೇ ಬೆವರಿದ ಸಾಬೂನನ್ನು ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಫ್ಯಾನಿನ ಗಾಳಿಯಲ್ಲಿ ಆರಿಸಿ, ಸುತ್ತಿಡಿ. ಬಳಸಲು ತೊಂದರೆಯಿಲ್ಲ.

ಸ್ನಾನ ಮಾಡಿದರೆ ನೊರೆ ನೀಲಿಯಾಗಿ ಬರುತ್ತದೆ, ಟವೆಲಿಗೂ ಹತ್ತುತ್ತದೆ. ಬಣ್ಣ ಎಷ್ಟಿರಬೇಕು?
– ಓದುಗರು, ಸಿಂದಗಿ

ನೊರೆ ಬಿಳಿಯಾಗಿ ಬರುವಷ್ಟು. ಆಕ್ಸೈಡ್ 0.5–1.5 ಗ್ರಾಂ, ಅಲ್ಟ್ರಾಮರೀನ್ 1–2 ಗ್ರಾಂ, ಟೈಟೇನಿಯಂ 1–2.5 ಗ್ರಾಂ, ಮೈಕಾ 3 ಗ್ರಾಂ ಒಳಗೆ. ದ್ರವ ಬಣ್ಣ 5 ಹನಿಯಿಂದ ಶುರು ಮಾಡಿ, ಬಿಳಿ ತಟ್ಟೆಯ ಮೇಲೆ ಒಂದು ಹನಿ ಬೇಸ್ ಬಿಟ್ಟು ಆರಿದ ಮೇಲೆ ನೋಡಿ ಹೆಚ್ಚಿಸಿ. ಪಾತ್ರೆಯಲ್ಲಿ ನೋಡಿ ತೀರ್ಮಾನಿಸಿದರೆ ಸದಾ ಮೋಸ. ಬಿಸಿ ಬೇಸ್ ಆಳವಾಗಿದ್ದಾಗ ಗಾಢ ಕಾಣುತ್ತದೆ, ಬಿಳಿ ಬೇಸ್ ಆರಿದಂತೆ ಬಣ್ಣ ತಿಳಿಯಾಗುತ್ತದೆ. ಈಗಾಗಲೇ ಮಾಡಿದ ನೀಲಿ ಸಾಬೂನನ್ನು ತುಂಡರಿಸಿ, ಅಷ್ಟೇ ತೂಕದ ಪಾರದರ್ಶಕ ಬೇಸಿನೊಡನೆ ಕರಗಿಸಿದರೆ ಅರ್ಧಕ್ಕಿಳಿಯುತ್ತದೆ.

ಕಪ್ಪು ಹಾಕಿದರೆ ಬೂದು, ಕೆಂಪು ಹಾಕಿದರೆ ಗುಲಾಬಿ. ಗಾಢ ಬಣ್ಣ ಬರುವುದೇ ಇಲ್ಲ.
– ಓದುಗರು, ಮುಧೋಳ

ನಿಮ್ಮದು ಬಿಳಿ ಬೇಸ್ ಇರಬೇಕು. ಅದರಲ್ಲಿ ಮೊದಲೇ ಟೈಟೇನಿಯಂ ಇರುತ್ತದೆ. ಸುಣ್ಣವಿರುವ ಡಬ್ಬಕ್ಕೆ ಬಣ್ಣ ಕಲಸಿದಂತೆ. ಗಾಢ ಬಣ್ಣಕ್ಕೆ ಪಾರದರ್ಶಕ ಬೇಸ್, ತಿಳಿ ಬಣ್ಣಕ್ಕೆ ಬಿಳಿ. ನಡುವಿನದು ಬೇಕಾದರೆ ಮುಕ್ಕಾಲು ಪಾರದರ್ಶಕ, ಕಾಲು ಬಿಳಿ. ಆಡಿನ ಹಾಲಿನ ಬೇಸ್ ಕೆನೆಬಣ್ಣದ್ದಾದ್ದರಿಂದ ಅದರಲ್ಲಿ ನೀಲಿ ಸ್ವಲ್ಪ ಹಸಿರಾಗಿ, ನೇರಳೆ ಸ್ವಲ್ಪ ಮಂಕಾಗಿ ಬರುತ್ತದೆ.

ಸ್ವಸಹಾಯ ಸಂಘದಿಂದ ಇಂಥ ಬಣ್ಣದ ಸಾಬೂನು ಮಾಡಿ ಜಾತ್ರೆ, ಉತ್ಸವಗಳಲ್ಲಿ ಮಾರಬೇಕೆಂದಿದ್ದೇವೆ. ಬೇಸ್ ತಂದು ಕರಗಿಸುವುದಕ್ಕೂ ಲೈಸೆನ್ಸ್ ಬೇಕೇ?
– ಓದುಗರು, ಬೆಳಗಾವಿ

ಮನೆಬಳಕೆಗೆ ಬೇಡ. ಮಾರುವುದಾದರೆ ಬೇಕು. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಲ್ಲಿ ಮಾರಾಟಕ್ಕಾಗಿ ಬದಲಿಸುವುದು, ಅಲಂಕರಿಸುವುದು, ಪ್ಯಾಕ್ ಮಾಡುವುದು, ಲೇಬಲ್ ಹಚ್ಚುವುದು ಎಲ್ಲವೂ ತಯಾರಿಕೆಯ ವ್ಯಾಖ್ಯೆಯೊಳಗೆ ಬರುತ್ತವೆ. ಬೇಸ್ ಬೇರೆಯವರದು ಎಂಬ ಕಾರಣಕ್ಕೆ ವಿನಾಯಿತಿಯಿಲ್ಲ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ರಾಜ್ಯದ ಪರವಾನಗಿ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಔಷಧ ನಿಯಂತ್ರಣದ ಜಿಲ್ಲಾ ಕಚೇರಿಯಲ್ಲಿ ಮೊದಲು ವಿಚಾರಿಸಿ, ಜಾಗ ಮತ್ತು ಸಲಕರಣೆಯ ಅಗತ್ಯ ತಿಳಿದುಕೊಂಡು ಆಮೇಲೆ ಖರ್ಚು ಮಾಡಿ.

ಬಣ್ಣದ ಮಟ್ಟಿಗೆ ಹೇಳುವುದಾದರೆ, ಭಾರತೀಯ ಮಾನಕ ಬ್ಯೂರೋದ ಐಎಸ್ 4707 ಮಾನದಂಡದ ಮೊದಲ ಭಾಗದ ಪಟ್ಟಿಯಲ್ಲಿರುವ ಬಣ್ಣಗಳಿಗೆ ಮಾತ್ರ ಅನುಮತಿ. ಸಾವಯವ ಬಣ್ಣಗಳಲ್ಲಿ, ಕೃತಕವಿರಲಿ ನೈಸರ್ಗಿಕವಿರಲಿ, ಆರ್ಸೆನಿಕ್ 2 ಪಿಪಿಎಂ (ಹತ್ತು ಲಕ್ಷದಲ್ಲಿ ಎರಡು ಪಾಲು), ಸೀಸ 20 ಪಿಪಿಎಂ, ಸೀಸ ಬಿಟ್ಟು ಉಳಿದ ಭಾರಲೋಹ ಒಟ್ಟು 100 ಪಿಪಿಎಂ ಮೀರಬಾರದು. ಬಣ್ಣ ಕೊಳ್ಳುವಾಗಲೇ ಆ ಬ್ಯಾಚಿನ ವಿಶ್ಲೇಷಣಾ ಪತ್ರ ಕೇಳಿ ಪಡೆಯಿರಿ. ಪತ್ರ ಕೊಡಲಾಗದ ಅಂಗಡಿಯಿಂದ ಅಗ್ಗವೆಂದು ತರಬೇಡಿ. ಒಂದು ವಹಿಯಲ್ಲಿ ಪ್ರತಿ ಬ್ಯಾಚಿಗೂ ದಿನಾಂಕ, ಬೇಸಿನ ತೂಕ, ಬಣ್ಣದ ಸಿ.ಐ. ಸಂಖ್ಯೆ ಮತ್ತು ಗ್ರಾಂ, ಸುಗಂಧ, ಹೊಯ್ದ ಡಿಗ್ರಿ ಬರೆದಿಡಿ. ಪ್ರತಿ ಬ್ಯಾಚಿನಿಂದ ಒಂದು ಸಾಬೂನನ್ನು ಮಾರದೆ, ಅದೇ ಸಂಖ್ಯೆ ಬರೆದು ಕಪಾಟಿನಲ್ಲಿಡಿ. ಯಾರಾದರೂ ಬಂದು ಬಣ್ಣ ಬಿಟ್ಟಿತು, ಮೈ ತುರಿಸಿತು ಎಂದರೆ ತೆರೆದು ನೋಡಲು ವಹಿಯೂ ಇರುತ್ತದೆ, ಸಾಬೂನೂ ಇರುತ್ತದೆ.